ಒಂದೇ ಗೂಡಿನ ಎರಡು ಮದ್ದುಗಳು

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯ ಹೆಸರನ್ನು ನಮ್ಮ ವಾಚಕರಲ್ಲಿ ಹಲವರು ಕೇಳಿರಬಹುದು. ಶನಿವಾರ ಬಂತೆಂದರೆ ಶನಿಮಹಾತ್ಮನ ದರ್ಶನಕ್ಕಾಗಿ ಆ ಕಡೆಗೆ ಹೊರಡುವ ಜನಕ್ಕೆ ಲೆಕ್ಕವಿಲ್ಲ. ನಾವು ಕಳೆದ ಬೇಸಗೆಯಲ್ಲಿ ಅಲ್ಲಿಗೆ ಹೋದುದು ದರ್ಶನಕ್ಕಲ್ಲ, ಪರಿಚಿತರೊಬ್ಬರ ಮನೆಯ ಊಟಕ್ಕೆ. ಊಟವಾದ ಮೇಲೆ ಆ ಮನೆಯ ಹುಡುಗ, ಪಿಯುಸಿ ಮೊದಲ ವರ್ಷದ ವಿಜ್ಞಾನ ವಿದ್ಯಾರ್ಥಿ, ನಮ್ಮನ್ನು ಒಳಗೆ ಕರೆದೊಯ್ದು ಗೋಡೆಯ ಗೂಡೊಂದನ್ನು ತೋರಿಸಿದನು. ಅದರಲ್ಲಿ ಎರಡು ವಸ್ತುಗಳು ಅಕ್ಕಪಕ್ಕದಲ್ಲಿದ್ದುವು. ಒಂದು, ಮರೆವಿನ ರೋಗದಿಂದ ನರಳುತ್ತಿರುವ ಅವನ ಅಜ್ಜಿ ರಾತ್ರಿ ಮಲಗುವ ಮುನ್ನ ನುಂಗುವ ಡೊನೆಪೆಜಿಲ್ ಮಾತ್ರೆಗಳ ಪಟ್ಟಿ. ಇನ್ನೊಂದು, ತೋಟಕ್ಕೆಂದು ತಂದು ಅರ್ಧ ಮುಗಿದಿದ್ದ ಕ್ಲೋರ್‌ಪೈರಿಫಾಸ್ ಸೀಸೆ.

“ಸಾರ್, ಇವೆರಡರ ಹೆಸರನ್ನೂ ಮೊಬೈಲಿನಲ್ಲಿ ಹುಡುಕಿ ನೋಡಿದೆ. ಎರಡಕ್ಕೂ ಕೋಲೀನೆಸ್ಟರೇಸ್ ಪ್ರತಿಬಂಧಕ ಅಂತಲೇ ಬರುತ್ತೆ. ಹಾಗಾದರೆ ಅಜ್ಜಿಗೆ ನಾವು ದಿನಾ ಕೊಡ್ತಿರೋದು ಇದನ್ನೇನಾ?” ಎಂದು ಕೇಳಿದನು.

ನಾವು ಭೌತಶಾಸ್ತ್ರವನ್ನು ಬೋಧಿಸತಕ್ಕವರು. ವೈದ್ಯರಲ್ಲ, ರಸಾಯನಜ್ಞರೂ ಅಲ್ಲ. ಆ ದಿನ ಹುಡುಗನಿಗೆ ಏನೋ ಒಂದು ಹಾರಿಕೆಯ ಉತ್ತರವನ್ನು ಕೊಟ್ಟು ಹಿಂದಿರುಗಿದೆವು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಬಲ್ಲವರನ್ನು ಕೇಳಿ, ಪುಸ್ತಕಗಳನ್ನು ತಿರುವಿಹಾಕಿ ನೋಡಿದ ಮೇಲೆ, ಅವನ ಸಂದೇಹ ನ್ಯಾಯವಾದುದೆಂದೂ ಅದಕ್ಕೆ ಸರಿಯಾದ ಉತ್ತರವನ್ನು ಹೇಳುವ ಹೊಣೆ ವಿಜ್ಞಾನವನ್ನು ಕಲಿಸುವ ನಮ್ಮೆಲ್ಲರದೆಂದೂ ಮನವರಿಕೆಯಾಯಿತು.

ನಮ್ಮ ರೈತರು ಕೀಟನಾಶಕವನ್ನು ಕೀಟನಾಶಕವೆನ್ನುವುದಿಲ್ಲ, ‘ಔಷಧಿ’ ಎನ್ನುತ್ತಾರೆ. ‘ಈ ಸಲ ಗಿಡಕ್ಕೆ ಎರಡು ಸಾರಿ ಔಷಧಿ ಹೊಡೆದೆವು’ ಎಂಬ ಮಾತನ್ನು ಕೇಳಿ ಪೇಟೆಯ ವಿದ್ಯಾವಂತರು ನಗುವುದುಂಟು. ನಗಬೇಕಾದುದೇನೂ ಇಲ್ಲ. ಕನ್ನಡದ ‘ಮದ್ದು’ ಎಂಬ ಹಳೆಯ ಮಾತನ್ನೇ ನೋಡಿರಿ. ರೋಗವನ್ನು ವಾಸಿಮಾಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು, ಆಗದವರು ಅನ್ನದಲ್ಲಿ ಬೆರೆಸಿಕೊಡುವರೆಂದು ಜನ ಹೆದರುವುದೂ ಮದ್ದೇ. ಕೋಲೀನೆಸ್ಟರೇಸ್ ಪ್ರತಿಬಂಧಕಗಳೆಂಬ ಈ ವಸ್ತುಗಳಿಗೆ ಮೂರು ಅರ್ಥಗಳೂ ಸಲ್ಲುತ್ತವೆ: ಆಸ್ಪತ್ರೆಯಲ್ಲಿ ಅವು ಔಷಧ, ಹೊಲದಲ್ಲಿ ವಿಷ, ರಣರಂಗದಲ್ಲಿ ಆಯುಧ. ಆದುದರಿಂದ ‘ಇದು ಔಷಧವೋ ವಿಷವೋ’ ಎಂಬ ಪ್ರಶ್ನೆಯಿಂದ ಪ್ರಯೋಜನವಿಲ್ಲ. ಎಷ್ಟು, ಎಲ್ಲಿ, ಎಷ್ಟು ಹೊತ್ತು ಎಂದು ಕೇಳಬೇಕು. ಇವುಗಳಲ್ಲಿ ಮೊದಲನೆಯದನ್ನು ಎಲ್ಲರೂ ಬಲ್ಲರು. ಅತಿಯಾದರೆ ಅಮೃತವೂ ವಿಷವೆಂದು ಅಜ್ಜಿಯರೇ ಹೇಳುತ್ತಾರೆ. ಆದರೆ ಇಲ್ಲಿ ಹೆಚ್ಚಿನ ಮಹತ್ವ ಮೂರನೆಯದಕ್ಕೆ ಎಂಬುದು ನಮ್ಮ ಅಭಿಪ್ರಾಯ.

ನಾವು ಕೈಯೆತ್ತಬೇಕೆಂದು ಎಣಿಸಿದಾಗ ನರತಂತುವಿನಲ್ಲಿ ಹರಿದುಬಂದ ವಿದ್ಯುತ್ ಸಂಕೇತ ನೇರವಾಗಿ ಸ್ನಾಯುವಿಗೆ ದಾಟುವುದಿಲ್ಲ. ನರದ ತುದಿಗೂ ಸ್ನಾಯುವಿಗೂ ನಡುವೆ ಒಂದು ಕಿರಿದಾದ ಕಂದಕವಿದೆ. ಒಂದು ಮಿಲಿಮೀಟರನ್ನು ಲಕ್ಷ ಪಾಲು ಮಾಡಿದರೆ ಅದರ ಐದು ಪಾಲಿನಷ್ಟು ಅದರ ಅಗಲ. ಸಂಕೇತ ಬಂದೊಡನೆ ನರದ ತುದಿಯಿಂದ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಆ ಕಂದಕಕ್ಕೆ ಸುರಿಯುತ್ತದೆ, ಎದುರು ದಡದ ಗ್ರಾಹಕಗಳನ್ನು ಮುಟ್ಟುತ್ತದೆ, ಸ್ನಾಯು ಸೆಟೆಯುತ್ತದೆ. ಹೃದಯ, ಕರುಳು, ಕಣ್ಣಿನ ಪಾಪೆ, ಜೊಲ್ಲಿನ ಗ್ರಂಥಿಗಳು, ಕೊನೆಗೆ ಮಿದುಳಿನಲ್ಲಿಯೂ ಇದೇ ದೂತನ ಓಡಾಟವುಂಟು. ದೂತನು ಸುದ್ದಿ ಹೇಳಿದ ಮೇಲೆ ಅಲ್ಲಿಯೇ ನಿಲ್ಲಕೂಡದು. ನಿಂತರೆ ಮುಂದಿನ ಸುದ್ದಿಗೆ ಎಡೆಯಿರುವುದಿಲ್ಲ. ಅವನನ್ನು ಒಡೆದು ಹಾಕುವ ಕಿಣ್ವವೇ ಅಸಿಟೈಲ್‌ಕೋಲೀನೆಸ್ಟರೇಸ್. ಅದರ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲೀನ್ ಅಣುಗಳನ್ನು ಒಡೆಯುತ್ತದೆ. ಜೀವಿಗಳಲ್ಲಿರುವ ಅತ್ಯಂತ ಚುರುಕಾದ ಕಿಣ್ವಗಳಲ್ಲಿ ಇದೂ ಒಂದು.

ಮಧುರೆಯ ಹುಡುಗನಿಗೆ ಇದನ್ನು ವಿವರಿಸಲು ಅವನ ಊರಿನ ಕೆರೆಯೇ ಸಾಕು. ನರದಿಂದ ಸುರಿಯುವ ಅಸಿಟೈಲ್‌ಕೋಲೀನ್ ಕೆರೆಗೆ ಬರುವ ನೀರು. ಕಿಣ್ವ ಅದನ್ನು ಹೊರಹಾಕುವ ತೂಬು. ಬರುವ ನೀರು ಕಡಮೆಯಾದ ವರ್ಷದಲ್ಲಿ ತೂಬನ್ನು ಸ್ವಲ್ಪ ಮುಚ್ಚಿ ನೀರಿನ ಮಟ್ಟವನ್ನು ಕಾಪಾಡುವುದು ಜಾಣತನ. ತುಂಬಿ ಹರಿಯುವ ಕಾಲದಲ್ಲಿ ಅದೇ ತೂಬನ್ನು ಪೂರ್ತಿ ಮುಚ್ಚಿದರೆ ಏರಿ ಒಡೆಯುತ್ತದೆ. ಔಷಧವೂ ವಿಷವೂ ಮುಚ್ಚುವುದು ಒಂದೇ ತೂಬನ್ನು. ಹುಡುಗ ಮೊಬೈಲಿನಲ್ಲಿ ಕಂಡದ್ದು ಇಷ್ಟು; ಇಷ್ಟರ ಮಟ್ಟಿಗೆ ಅದು ನಿಜವೂ ಹೌದು.

ಈ ರಹಸ್ಯ ಬಯಲಾದ ಕಥೆ ಸ್ವಾರಸ್ಯವಾದುದು. ಪಶ್ಚಿಮ ಆಫ್ರಿಕದ ಕಲಬಾರ್ ಸೀಮೆಯಲ್ಲಿ ಅಪರಾಧದ ಆರೋಪ ಹೊತ್ತವರಿಗೆ ಒಂದು ಬಗೆಯ ಅವರೆ ಜಾತಿಯ ಬೀಜವನ್ನು ತಿನ್ನಿಸುತ್ತಿದ್ದರು. ಬದುಕಿದವನು ನಿರಪರಾಧಿ, ಸತ್ತವನು ಅಪರಾಧಿ. ನಮ್ಮ ಶಾಸ್ತ್ರಗ್ರಂಥಗಳಲ್ಲಿಯೂ ಇಂಥ ದಿವ್ಯಪರೀಕ್ಷೆಗಳ ಪ್ರಸ್ತಾಪವಿರುವುದರಿಂದ ಆಫ್ರಿಕದವರನ್ನು ನಾವು ಹಳಿಯಬೇಕಾದುದಿಲ್ಲ. ಆ ಬೀಜದ ಸತ್ವವಾದ ಫೈಸೊಸ್ಟಿಗ್ಮಿನನ್ನು 1864ರಲ್ಲಿ ಬೇರ್ಪಡಿಸಿದರು. 1870ರ ದಶಕದಲ್ಲಿ ಲಕ್ವೇರ್ ಎಂಬ ನೇತ್ರವೈದ್ಯ ಅದನ್ನು ಕಣ್ಣಿನ ಒಳಒತ್ತಡ ಹೆಚ್ಚುವ ಗ್ಲಾಕೋಮ ರೋಗಕ್ಕೆ ಬಳಸಿದನು. ಅವನಿಗೂ ಆ ರೋಗವಿದ್ದಿತು. ಆದರೆ ಅದು ಹೇಗೆ ಕೆಲಸ ಮಾಡುತ್ತದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. 1921ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ನಗರದ ಓಟೊ ಲೋವಿ ಎರಡು ಕಪ್ಪೆಗಳ ಹೃದಯಗಳನ್ನಿಟ್ಟುಕೊಂಡು ಮಾಡಿದ ಪ್ರಯೋಗವನ್ನು ಪ್ರಕಟಿಸಿದನು. ಒಂದು ಹೃದಯದ ನರವನ್ನು ಕೆರಳಿಸಿ ಅದರ ಬಡಿತವನ್ನು ಇಳಿಸಿ, ಅದನ್ನು ನೆನೆಸಿದ್ದ ದ್ರವವನ್ನು ಇನ್ನೊಂದಕ್ಕೆ ಹಾಕಿದಾಗ ಅದರ ಬಡಿತವೂ ಇಳಿಯಿತು. ನರ ಸಂದೇಶ ಕಳುಹಿಸುವುದು ರಾಸಾಯನಿಕದ ಮೂಲಕ ಎಂಬುದು ಹೀಗೆ ಸಿದ್ಧವಾಯಿತು. ಪ್ರಯೋಗದ ಕಲ್ಪನೆ ತನಗೆ ನಿದ್ರೆಯಲ್ಲಿ ಹೊಳೆಯಿತೆಂದು ಲೋವಿಯೇ ಹೇಳಿಕೊಂಡಿದ್ದಾನೆ. ಫೈಸೊಸ್ಟಿಗ್ಮಿನ್ ಆ ರಾಸಾಯನಿಕ ಒಡೆಯದಂತೆ ತಡೆಯುತ್ತದೆಂಬುದನ್ನು ಅವನ ಪ್ರಯೋಗಶಾಲೆಯೇ 1926ರಲ್ಲಿ ತೋರಿಸಿತು. 1936ರ ನೊಬೆಲ್ ಬಹುಮಾನದಲ್ಲಿ ಅವನೂ ಇಂಗ್ಲೆಂಡಿನ ಹೆನ್ರಿ ಡೇಲನೂ ಪಾಲುದಾರರು.

ನಮಗೆ ಇವರೆಲ್ಲರಿಗಿಂತ ಹೆಚ್ಚು ಮೆಚ್ಚುಗೆಯಾದವಳು ಮೇರಿ ವಾಕರ್. ಲಂಡನ್ನಿನ ಗ್ರೀನಿಚ್‌ನಲ್ಲಿ ಬಡವರ ಆಸ್ಪತ್ರೆಯೊಂದರ ವೈದ್ಯೆಯಾಗಿದ್ದ ಈಕೆ, 1934ರಲ್ಲಿ ಮಯಸ್ತೀನಿಯ ಗ್ರೇವಿಸ್ ಎಂಬ ರೋಗದಿಂದ ರೆಪ್ಪೆಗಳು ಜೋತು ಬಿದ್ದು, ಅಗಿಯಲೂ ನುಂಗಲೂ ಶಕ್ತಿಯಿಲ್ಲದೆ ಸೋತಿದ್ದ ಹೆಂಗಸೊಬ್ಬಳಿಗೆ ಫೈಸೊಸ್ಟಿಗ್ಮಿನ್ ಸೂಜಿಮದ್ದನ್ನು ಕೊಟ್ಟಳು. ಆ ರೋಗದ ಲಕ್ಷಣಗಳು ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಸವರುವ ಕ್ಯೂರಾರೆ ವಿಷದ ಲಕ್ಷಣಗಳನ್ನು ಹೋಲುತ್ತವೆ. ಕ್ಯೂರಾರೆಗೆ ಫೈಸೊಸ್ಟಿಗ್ಮಿನ್ ಪ್ರತಿವಿಷವೆಂಬುದು ಮೊದಲೇ ಗೊತ್ತಿದ್ದಿತು. ಹಾಗಿದ್ದರೆ ಈ ರೋಗಕ್ಕೂ ಏಕೆ ಆಗಬಾರದು? ಆಕೆಯ ತರ್ಕ ಇಷ್ಟೇ. ರೋಗಿಯ ರೆಪ್ಪೆಗಳು ತೆರೆದುವು, ತೋಳುಗಳು ಮೇಲೆದ್ದುವು, ಕೆಲವು ಗಂಟೆಗಳಾದ ಮೇಲೆ ಮತ್ತೆ ಸೋತುವು. ಈ ಕೊನೆಯ ಮಾತನ್ನು ವಾಚಕರು ಗಮನದಲ್ಲಿಡಬೇಕು. ಆ ಗುಣ ನಿಲ್ಲಲಿಲ್ಲವೆಂಬುದು ರೋಗಿಯ ದುರದೃಷ್ಟವಾಗಿ ತೋರಬಹುದು. ಆದರೆ ಅದು ನಿಲ್ಲದೆ ಹೋಗುವುದರಿಂದಲೇ ಫೈಸೊಸ್ಟಿಗ್ಮಿನ್ ಔಷಧವೆನಿಸಿದೆ. ತೂಬಿಗೆ ಇಟ್ಟ ಬಿರಡೆಯನ್ನು ಶರೀರವೇ ಕೆಲವು ಗಂಟೆಗಳಲ್ಲಿ ತಳ್ಳಿಹಾಕುತ್ತದೆ. ವೈದ್ಯನಿಗೆ ಮತ್ತೆ ಅಳೆದು ಇಡಲು ಅವಕಾಶವಿರುತ್ತದೆ.

ಆಕೆಯ ತರ್ಕದ ಫಲವನ್ನು ಇಂದು ನಮ್ಮಲ್ಲಿ ಅನೇಕರು ತಿಳಿಯದೆಯೇ ಉಂಡಿದ್ದೇವೆ. ಶಸ್ತ್ರಚಿಕಿತ್ಸೆಗಾಗಿ ಸ್ನಾಯುಗಳನ್ನು ಸಡಿಲಿಸುವ ಮದ್ದನ್ನು ಕೊಟ್ಟು, ಕೆಲಸ ಮುಗಿದ ಮೇಲೆ ರೋಗಿ ತಾನಾಗಿ ಉಸಿರಾಡುವಂತೆ ಮಾಡಲು ಅನೇಕ ವೇಳೆ ಕೊಡುವುದು ಇದೇ ವರ್ಗದ ನಿಯೊಸ್ಟಿಗ್ಮಿನನ್ನು. ನಾಗರಹಾವಿನ ಕಡಿತದಲ್ಲಿಯೂ ಅದಕ್ಕೆ ಸ್ಥಾನವುಂಟು. ನಾಗರದ ವಿಷ ಕ್ಯೂರಾರೆಯಂತೆಯೇ ಸ್ನಾಯುವಿನ ಗ್ರಾಹಕಗಳ ಮೇಲೆ ಕುಳಿತು ದೂತನಿಗೆ ಬಾಗಿಲು ಮುಚ್ಚುತ್ತದೆ. ನಿಯೊಸ್ಟಿಗ್ಮಿನ್ ಕೊಟ್ಟರೆ ದೂತರ ಸಂಖ್ಯೆ ಹೆಚ್ಚಿ, ಉಳಿದ ಬಾಗಿಲುಗಳಾದರೂ ತೆರೆಯುತ್ತವೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡುವುದರಿಂದ ಅಲ್ಲಿ ಇದರ ಆಟ ಅಷ್ಟಾಗಿ ಸಾಗದು. ಯಾವ ಹಾವೇ ಆಗಲಿ, ಪ್ರತಿವಿಷದ ಸೂಜಿಮದ್ದಿಗೆ ಇದು ಬದಲಿಯಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ವಿಧಿಸಿದೆ. ರಾಗಿಯ ಹೊಲದಲ್ಲಿ ಹಾವು ಕಡಿದವನನ್ನು ಮಂತ್ರದವನ ಮನೆಯ ಜಗಲಿಯಲ್ಲಿ ಕೂರಿಸಿ ಹೊತ್ತು ಕಳೆಯುವವರು ಇದನ್ನಾದರೂ ಕೇಳಿ ಎಚ್ಚರಗೊಳ್ಳಲಿ.

ಇನ್ನು ಗೂಡಿನಲ್ಲಿದ್ದ ಎರಡನೆಯ ವಸ್ತುವಿನ ವಿಚಾರ. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರೇಡರ್ ಬೆಳೆಯ ಕೀಟಗಳನ್ನು ಕೊಲ್ಲುವ ರಂಜಕಯುಕ್ತ ಸಂಯುಕ್ತಗಳನ್ನು ಹುಡುಕುತ್ತಿದ್ದಾಗ ಟಾಬುನ್ ಎಂಬ ಭಯಂಕರ ನರವಿಷ ಕೈಗೆ ಸಿಕ್ಕಿತು. ಟಾಬುನ್ ಸೈನ್ಯದ ಪಾಲಾಯಿತು. ಅದೇ ಆರ್ಗನೊಫಾಸ್ಫೇಟ್ ವಂಶದ ಸೌಮ್ಯವಾದ ಕೂಸುಗಳು ಕಾಲಕ್ರಮದಲ್ಲಿ ನಮ್ಮ ಹೊಲಗಳಿಗೆ ಬಂದುವು. ಸೌಮ್ಯವೆಂದರೆ ಟಾಬುನ್‌ಗೆ ಹೋಲಿಸಿದರೆ ಮಾತ್ರ. ಇವು ತೂಬಿಗೆ ಬಿರಡೆ ಇಡುವುದಿಲ್ಲ, ಗಾರೆ ಮೆತ್ತುತ್ತವೆ. ಮೊದಮೊದಲು ಗಾರೆ ಹಸಿಯಾಗಿರುತ್ತದೆ. ಆಗ ಪ್ರಾಲಿಡಾಕ್ಸೈಮ್ ಎಂಬ ಮದ್ದು ಅದನ್ನು ಕೆತ್ತಿ ತೆಗೆಯಬಲ್ಲುದು. 1955ರಲ್ಲಿ ಅಮೆರಿಕದಲ್ಲಿ ಇದನ್ನು ಕಂಡುಹಿಡಿದರು. ಹೊತ್ತು ಕಳೆದಂತೆ ಗಾರೆ ಗಟ್ಟಿಯಾಗುತ್ತದೆ. ಆ ಮೇಲೆ ಯಾವ ಉಳಿಗೂ ಬಗ್ಗುವುದಿಲ್ಲ. ಹೊಸ ಕಿಣ್ವವೇ ಹುಟ್ಟಬೇಕು, ಅದಕ್ಕೆ ವಾರಗಳೇ ಹಿಡಿಯುತ್ತವೆ. ಅರ್ಧಾಯುಷ್ಯವೆಂಬ ಮಾತನ್ನು ನಮ್ಮ ವಿದ್ಯಾರ್ಥಿಗಳು ರೇಡಿಯಂ ಪಾಠದಲ್ಲಿ ಕಲಿತಿರುತ್ತಾರೆ. ಈ ಗಾರೆಗೂ ಒಂದು ಅರ್ಧಾಯುಷ್ಯವುಂಟು. ಗೂಡಿನಲ್ಲಿದ್ದ ಕ್ಲೋರ್‌ಪೈರಿಫಾಸ್‌ನಂಥವುಗಳಲ್ಲಿ ಅರ್ಧ ಪಾಲು ಕಿಣ್ವ ಗಟ್ಟಿಯಾಗಿ ಮುಚ್ಚಿಹೋಗಲು ಸುಮಾರು 33 ಗಂಟೆ ಬೇಕು. ಮೊನೊಕ್ರೊಟೊಫಾಸ್‌ನಂಥವುಗಳಲ್ಲಿ ನಾಲ್ಕು ಗಂಟೆಯೂ ಬೇಡ.

ನಾಲ್ಕು ಗಂಟೆಯೆಂದರೇನೆಂಬುದನ್ನು ನಮ್ಮ ನಾಡು ಕಂಡಿದೆ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದವನ್ನು ಉಂಡ ಭಕ್ತರು ಒಬ್ಬೊಬ್ಬರಾಗಿ ಬಿದ್ದರು. ಅನ್ನದಲ್ಲಿ ಮೊನೊಕ್ರೊಟೊಫಾಸ್ ಬೆರೆತಿತ್ತೆಂದು ಪರೀಕ್ಷೆಯಿಂದ ತಿಳಿದುಬಂತು. ನೂರಕ್ಕೂ ಮೇಲ್ಪಟ್ಟು ಜನ ಅಸ್ವಸ್ಥರಾದರು. 17 ಜನ ತೀರಿಕೊಂಡರು. ಊರಿನಿಂದ ಕೊಳ್ಳೇಗಾಲ, ಅಲ್ಲಿಂದ ಮೈಸೂರು, ಹೀಗೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿಯಲ್ಲಿ ರೋಗಿಗಳನ್ನು ಸಾಗಿಸಬೇಕಾಯಿತು. ಮೇಲೆ ಹೇಳಿದ ಅರ್ಧಾಯುಷ್ಯವನ್ನೂ ಈ ದಾರಿಯನ್ನೂ ಜೊತೆಗಿಟ್ಟು ವಾಚಕರೇ ಲೆಕ್ಕ ಹಾಕಲಿ.

ಇಂಥ ರೋಗಿಯಲ್ಲಿ ದೂತರು ಎಲ್ಲೆಡೆಯೂ ತುಂಬಿ ತುಳುಕುತ್ತಾರೆ. ಜೊಲ್ಲು, ಕಣ್ಣೀರು, ಬೆವರು ಸುರಿಯುತ್ತವೆ, ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗುತ್ತದೆ, ಶ್ವಾಸನಾಳಗಳಲ್ಲಿ ನೀರು ತುಂಬುತ್ತದೆ, ನಾಡಿ ಇಳಿಯುತ್ತದೆ, ಸ್ನಾಯುಗಳು ಅದುರಿ ಅದುರಿ ಕೊನೆಗೆ ಸೋಲುತ್ತವೆ, ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ವೈದ್ಯರು ಮೊದಲು ಕೈಹಾಕುವುದು ಅಟ್ರೊಪೀನ್‌ಗೆ. ಅದು ತೂಬನ್ನು ತೆರೆಯುವುದಿಲ್ಲ. ಹೃದಯ, ಶ್ವಾಸನಾಳಗಳ ಕಡೆಗೆ ಹೋಗುವ ಕಾಲುವೆಗಳ ಬಾಯನ್ನು ಮುಚ್ಚಿ ನೆರೆ ಅಲ್ಲಿಗೆ ನುಗ್ಗದಂತೆ ಮಾಡುತ್ತದೆ. ಸ್ನಾಯುಗಳ ವಿಷಯದಲ್ಲಿ ಅದು ನಿರುಪಾಯ. ಅಲ್ಲಿ ಉಸಿರಾಟದ ಯಂತ್ರವೇ ಗತಿ. ಪ್ರಾಲಿಡಾಕ್ಸೈಮ್ ಎಷ್ಟರಮಟ್ಟಿಗೆ ಜೀವ ಉಳಿಸುತ್ತದೆಂಬುದರ ಬಗೆಗೆ ವೈದ್ಯರಲ್ಲಿ ಇಂದಿಗೂ ಒಮ್ಮತವಿಲ್ಲ. ನಮ್ಮ ಬೇಲಿಗಳಲ್ಲಿ ಬೆಳೆಯುವ ಉಮ್ಮತ್ತಿಯಲ್ಲಿಯೂ ಅಟ್ರೊಪೀನ್ ಇದೆಯೆಂದು ಕೆಲವು ವಿದ್ಯಾರ್ಥಿಗಳಿಗೆ ತಿಳಿದಿರಬಹುದು. ಹಾಗೆಂದು ಅದನ್ನು ಅರೆದು ಕುಡಿಸಲು ಹೋಗಬಾರದು. ಒಂದು ಕಾಯಿಯಲ್ಲಿ ಎಷ್ಟಿದೆಯೆಂದು ಯಾರೂ ಹೇಳಲಾರರು. ಒಂದು ವಿಷದ ಜೊತೆಗೆ ಎರಡನೆಯದು ಸೇರುತ್ತದೆ, ಅಷ್ಟೆ.

ಕಾಲವೇ ಇಲ್ಲಿ ನಿರ್ಣಾಯಕವೆಂಬುದಕ್ಕೆ ಯುದ್ಧರಂಗದ ನಿದರ್ಶನವೊಂದಿದೆ. ಸೊಮಾನ್ ಎಂಬ ನರವಿಷದ ಗಾರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಚಿಕಿತ್ಸೆಗೆ ಹೊತ್ತೇ ಸಿಗುವುದಿಲ್ಲ. ಆದುದರಿಂದ 1991ರ ಕೊಲ್ಲಿ ಯುದ್ಧದಲ್ಲಿ ಸೈನಿಕರಿಗೆ ಪಿರಿಡೊಸ್ಟಿಗ್ಮಿನ್ ಮಾತ್ರೆಗಳನ್ನು ಮುಂಚಿತವಾಗಿಯೇ ಕೊಟ್ಟಿದ್ದರು. ಇದು ಮಯಸ್ತೀನಿಯದ ಔಷಧ, ತಾನೂ ಪ್ರತಿಬಂಧಕವೇ. ಕಿಣ್ವದ ಸ್ವಲ್ಪ ಭಾಗವನ್ನು ಬಿರಡೆಯಿಂದ ಮುಚ್ಚಿಟ್ಟರೆ ಆ ಭಾಗಕ್ಕೆ ಗಾರೆ ಹತ್ತುವುದಿಲ್ಲ. ಅಪಾಯ ಕಳೆದ ಮೇಲೆ ಬಿರಡೆ ತಾನಾಗಿ ಬಿದ್ದುಹೋಗುತ್ತದೆ. ಆ ಮಾತ್ರೆಗಳಿಂದಲೇ ಮುಂದೆ ಕೆಲವು ಸೈನಿಕರು ಕಾಯಿಲೆ ಬಿದ್ದರೋ ಎಂಬ ವಾದ ಅಮೆರಿಕದಲ್ಲಿ ಬಹುಕಾಲ ನಡೆಯಿತೆಂಬುದನ್ನೂ ಹೇಳಬೇಕು.

ಅಜ್ಜಿಯ ಮಾತ್ರೆಗೆ ಬರೋಣ. ಆಲ್‌ಜೈಮರ್ ರೋಗದಲ್ಲಿ ಮಿದುಳಿನಲ್ಲಿ ಅಸಿಟೈಲ್‌ಕೋಲೀನ್ ಒದಗಿಸುವ ಕೋಶಗಳು ಸಾಯುತ್ತವೆ. ಕೆರೆಗೆ ನೀರು ಕಡಮೆಯಾದಾಗ ತೂಬನ್ನು ಬಿಗಿಹಿಡಿಯುವಂತೆ, ಇರುವಷ್ಟನ್ನು ಉಳಿಸಿಕೊಳ್ಳುವ ಉಪಾಯವೇ ಡೊನೆಪೆಜಿಲ್. ಜಪಾನಿನ ಹಚಿರೊ ಸುಗಿಮೊಟೊ ಎಂಬವನ ತಂಡ ಇದನ್ನು ತಯಾರಿಸಿತು. ಅವನ ತಾಯಿಯೂ ಮರೆವಿನ ರೋಗಕ್ಕೆ ತುತ್ತಾಗಿದ್ದಳು. 1996ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ಇದು ಕಿಣ್ವಕ್ಕೆ ಗಾರೆ ಮೆತ್ತುವುದಿಲ್ಲ; ಬಂದು ಕೂರುತ್ತದೆ, ಎದ್ದು ಹೋಗುತ್ತದೆ. ಆದರೆ ರಕ್ತದಿಂದ ಅರ್ಧ ಭಾಗ ಹೋಗಲು ಸುಮಾರು 70 ಗಂಟೆ ಬೇಕಾಗುವುದರಿಂದ ದಿನಕ್ಕೊಂದು ಮಾತ್ರೆ ಸಾಕು. ಇದರ ಕೆಡುಕುಗಳ ಪಟ್ಟಿಯನ್ನು ನೋಡಿರಿ: ಓಕರಿಕೆ, ಭೇದಿ, ನಾಡಿಯ ಇಳಿತ. ಸುಳ್ವಾಡಿಯ ಲಕ್ಷಣಗಳೇ ಇಲ್ಲಿ ತೆಳುವಾದ ನೆರಳಿನಂತೆ ಕಾಣಿಸುತ್ತವೆ. ಇನ್ನೊಂದು ಕಹಿ ಸತ್ಯವನ್ನೂ ಮನೆಯವರಿಗೆ ಹೇಳಬೇಕು. ಈ ಮಾತ್ರೆ ರೋಗವನ್ನು ನಿಲ್ಲಿಸುವುದಿಲ್ಲ. ಕೋಶಗಳು ಸಾಯುತ್ತಲೇ ಇರುತ್ತವೆ. ಕೆಲವರಲ್ಲಿ ಕೆಲಕಾಲ ಸ್ಮರಣೆಯನ್ನೂ ದಿನಚರಿಯನ್ನೂ ಸ್ವಲ್ಪ ಹಿಡಿದು ನಿಲ್ಲಿಸುತ್ತದೆ. ಹೆತ್ತ ಮಗನ ಹೆಸರನ್ನು ಇನ್ನೂ ಆರು ತಿಂಗಳು ಹೇಳಬಲ್ಲ ತಾಯಿಯ ಮನೆಯಲ್ಲಿ ಈ ‘ಸ್ವಲ್ಪ’ವೆಂಬುದು ಅಲ್ಪವಲ್ಲ, ಆದರೆ ಅದನ್ನು ಪೂರ್ಣ ಗುಣವೆಂದು ನಂಬಿಸಿ ಮಾರುವುದು ಮೋಸ.

ಇಷ್ಟೆಲ್ಲವನ್ನೂ ಬರೆದುದಕ್ಕೆ ಕಾರಣವಿದೆ. ಪಿಯುಸಿ ಮೊದಲ ವರ್ಷದ ಜೀವಶಾಸ್ತ್ರದಲ್ಲಿ ಕಿಣ್ವಗಳ ಪ್ರತಿಬಂಧಕ್ಕೆ ಕೊಟ್ಟಿರುವ ನಿದರ್ಶನ ಸಕ್ಸಿನಿಕ್ ಡಿಹೈಡ್ರಾಜಿನೇಸ್ ಕಿಣ್ವವನ್ನು ತಡೆಯುವ ಮ್ಯಾಲೊನೇಟ್. ಶಾಸ್ತ್ರದೃಷ್ಟಿಯಿಂದ ಅದು ಸರಿ. ಆದರೆ ಮಧುರೆಯಲ್ಲಾಗಲಿ ದೇವನಹಳ್ಳಿಯಲ್ಲಾಗಲಿ ಮ್ಯಾಲೊನೇಟನ್ನು ಕಂಡ ವಿದ್ಯಾರ್ಥಿ ಯಾರು? ಹುಡುಗ ಅದನ್ನು ಬಾಯಿಪಾಠ ಮಾಡಿ ಅಂಕಗಳನ್ನು ಪಡೆಯುತ್ತಾನೆ. ಅದೇ ಪಾಠ ತನ್ನ ಮನೆಯ ಗೂಡಿನಲ್ಲಿ ಎರಡು ರೂಪದಲ್ಲಿ ಕುಳಿತಿದೆಯೆಂದು ಅವನಿಗೆ ಯಾರೂ ಹೇಳುವುದಿಲ್ಲ. ಕೋಲೀನೆಸ್ಟರೇಸ್ ಪಠ್ಯಕ್ಕೆ ಬರಲಿ. ಅದರೊಡನೆ ಕೀಟನಾಶಕದ ಚೀಟಿಯನ್ನು ಓದುವುದೂ ಒಂದು ಪ್ರಯೋಗವಾಗಲಿ. ಓರೆಯಾಗಿ ನಿಲ್ಲಿಸಿದ ಚೌಕದ ಕೆಳ ಅರ್ಧದಲ್ಲಿ ಕೆಂಪು ಬಣ್ಣವಿದ್ದರೆ ಅತ್ಯಂತ ವಿಷಕಾರಿ, ಆ ಮೇಲೆ ಹಳದಿ, ನೀಲಿ, ಹಸುರು ಎಂಬ ಕ್ರಮ. ವಿಷಲಕ್ಷಣಗಳನ್ನೂ ಪ್ರಥಮ ಚಿಕಿತ್ಸೆಯನ್ನೂ ಪ್ರತಿವಿಷವನ್ನೂ ಚೀಟಿಯಲ್ಲಿ ಅಚ್ಚುಮಾಡಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ಅಚ್ಚೇನೋ ಆಗಿರುತ್ತದೆ, ಆದರೆ ನಾವು ನೋಡಿದ ಚೀಟಿಯ ಕನ್ನಡ ಅಕ್ಷರಗಳನ್ನು ಓದಲು ಕಾಲೇಜಿನ ಪ್ರಯೋಗಶಾಲೆಯ ಮಸೂರವೇ ಬೇಕಾಯಿತು. ಮೈಮೇಲೆ ಚೆಲ್ಲಿದರೆ ಬಟ್ಟೆ ಕಳಚಿ ಸಾಬೂನು ನೀರಿನಿಂದ ತೊಳೆಯಬೇಕು, ಬಲವಂತವಾಗಿ ವಾಂತಿ ಮಾಡಿಸಬಾರದು, 108ಕ್ಕೆ ಕರೆಮಾಡಿ ರೋಗಿಯ ಜೊತೆಗೆ ಸೀಸೆಯನ್ನೂ ಕೊಂಡೊಯ್ಯಬೇಕು ಎಂಬ ಇಷ್ಟು ಮಾತುಗಳನ್ನು ಹತ್ತನೆಯ ತರಗತಿಯ ಮಕ್ಕಳೆಲ್ಲರೂ ಬಲ್ಲವರಾಗಬೇಕು. ಉಪ್ಪಿನ ಅಣುಸೂತ್ರಕ್ಕಿಂತ ಇದು ಕಷ್ಟವೇ?

ಆದರೆ ಪಾಠವೊಂದರಿಂದಲೇ ಎಲ್ಲವೂ ಆಗುವುದಿಲ್ಲ. ತರಕಾರಿ ಬೆಳೆಗಳ ಮೇಲೆ ಮೊನೊಕ್ರೊಟೊಫಾಸನ್ನು 2005ರಲ್ಲಿಯೇ ನಮ್ಮ ದೇಶ ನಿಷೇಧಿಸಿತ್ತು. ಹದಿಮೂರು ವರ್ಷಗಳ ಮೇಲೆಯೂ ಅದು ಸುಳ್ವಾಡಿಯ ಅನ್ನಕ್ಕೆ ದೊರೆಯಿತು. ಒಂದು ಬೆಳೆಗೆ ನಿಷೇಧ, ಇನ್ನೊಂದಕ್ಕೆ ಅನುಮತಿ ಎಂದರೆ ಅಂಗಡಿಯಲ್ಲಿ ಸೀಸೆ ಇದ್ದೇ ಇರುತ್ತದೆ. ನೆರೆಯ ಶ್ರೀಲಂಕಾ 1995ರಿಂದ ಇಂಥ ಉಗ್ರ ವಿಷಗಳನ್ನು ಪೂರ್ತಿಯಾಗಿಯೇ ಹಿಂತೆಗೆಯಿತು. ಮುಂದಿನ ಹತ್ತು ವರ್ಷಗಳಲ್ಲಿ ಆ ದೇಶದ ಆತ್ಮಹತ್ಯೆಗಳ ಪ್ರಮಾಣ ಅರ್ಧದಷ್ಟಕ್ಕೆ ಇಳಿಯಿತು. ದುಃಖದ ಗಳಿಗೆ ಎಲ್ಲರ ಮನೆಗೂ ಬರುತ್ತದೆ, ಹೋಗುತ್ತದೆ. ಆ ಗಳಿಗೆಯಲ್ಲಿ ಮರಳಿ ಬಾರದಂಥದು ಕೈಗೆ ಸಿಕ್ಕಬಾರದು. ರೈತನಿಗೆ ಕೀಟನಾಶಕವೇ ಬೇಡವೆನ್ನುವ ಪೇಟೆಯ ಧೋರಣೆ ನಮ್ಮದಲ್ಲ. ಸಹಜವಾದುದೆಲ್ಲ ಸಾಧು, ಕೃತಕವಾದುದೆಲ್ಲ ಕ್ರೂರ ಎಂಬ ಮಾತನ್ನೂ ನಾವು ಒಪ್ಪೆವು. ಕಲಬಾರಿನ ಬೀಜವನ್ನು ಯಾವ ಕಾರ್ಖಾನೆಯೂ ಮಾಡಿರಲಿಲ್ಲ. ಕೆಂಪು ಬಣ್ಣದ ಸೀಸೆಗಳು ಮಾರುಕಟ್ಟೆಯಿಂದಲೇ ಹೋಗಲಿ, ಉಳಿದವು ಬೀಗದೊಳಗಿರಲಿ ಎಂಬುದಷ್ಟೇ ನಮ್ಮ ವಾದ.

ಮಳೆಗಾಲ ಹಿಡಿದ ಮೇಲೆ ಮತ್ತೊಮ್ಮೆ ಮಧುರೆಗೆ ಹೋಗಿ ಹುಡುಗನಿಗೆ ಇದನ್ನೆಲ್ಲ ಕೆರೆಯ ಏರಿಯ ಮೇಲೆ ಕುಳಿತು ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಿಗೆ ಈಚೆಗೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತೆ ಸಾರ್. ಅದೂ ನಾಡಿ ಇಳಿದೇ ಇರಬಹುದಾ?” ಎಂದನು. ನಾವು ಉತ್ತರಿಸಲಿಲ್ಲ, ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತೋರಿಸಿರೆಂದು ಅವನ ತಂದೆಗೆ ಹೇಳಿದೆವು. ವೈದ್ಯರು ನಾಡಿಯನ್ನು ಎಣಿಸಿ, ಇಸಿಜಿ ತೆಗೆಸಿ, 10 ಮಿಲಿಗ್ರಾಮಿನ ಮಾತ್ರೆಯನ್ನು 5ಕ್ಕೆ ಇಳಿಸಿದರಂತೆ. ಗೂಡಿನಲ್ಲಿ ಈಗ ಮಾತ್ರೆಯ ಪಟ್ಟಿಯೊಂದೇ ಇದೆ. ಸೀಸೆ ಪಂಪ್‌ಸೆಟ್ಟಿನ ಕೊಠಡಿಗೆ ಹೋಗಿದೆ. ಅದರ ಬೀಗದ ಕೈ ಹುಡುಗನ ತಾಯಿಯ ಸೊಂಟದಲ್ಲಿದೆ.